ಮಡಿಲು ಮತ್ತು ಮಾರುಕಟ್ಟೆ

ಕೆಲವು ತಿಂಗಳುಗಳ ಹಿಂದೆ, ಹೊಸದಾಗಿ ಮಗು ಹುಟ್ಟಿದ ಮನೆಯೊಂದಕ್ಕೆ ಆಶೀರ್ವಾದ ನೀಡಲು ಹೋಗಿದ್ದೆ. ಮಗುವಿಗೆ ಆಗ ಇಪ್ಪತ್ತೆರಡು ದಿನ. ಬಾಣಂತಿಯ ಕೋಣೆಗೆ ಕಾಲಿಟ್ಟವನಿಗೆ ಗೋಡೆಯುದ್ದಕ್ಕೂ ಪೇರಿಸಿಟ್ಟ ಬಣ್ಣಬಣ್ಣದ ಪೆಟ್ಟಿಗೆಗಳ ನಡುವೆ ಮಗು ಎಲ್ಲಿದೆಯೆಂದು ಹುಡುಕಬೇಕಾಯಿತು. ವಿದ್ಯುತ್ತಿನಿಂದ ತಾನಾಗಿಯೇ ತೂಗುವ ತೊಟ್ಟಿಲು, ಹಾಲಿನ ಬಾಟಲಿಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಯಂತ್ರ, ಹಾಡುವ ಗೊಂಬೆಗಳು, ತಳ್ಳುಗಾಡಿ, ಒಂದೇ ಅಳತೆಯ ಹತ್ತು ಹನ್ನೆರಡು ಅಂಗಿಗಳು, ಬೆಲೆಯ ಚೀಟಿ ಇನ್ನೂ ಕೀಳದ ಕುಲಾವಿಗಳು. ಬಂಧುಬಳಗದವರು ಪ್ರೀತಿಯಿಂದ ತಂದುಕೊಟ್ಟ ಉಡುಗೊರೆಗಳವು. "ನಿಮ್ಮ ಕಂದನಿಗೆ ಏನೂ ಕೊರತೆಯಿಲ್ಲ ಬಿಡಮ್ಮ" ಎಂದು ನಾನು ನಗುತ್ತಾ ಹೇಳಿದೆ. ಆಕೆಯ ಕಣ್ಣು ತುಂಬಿ ಬಂತು. "ಎಲ್ಲಾ ಇದೆ ಸ್ವಾಮಿ. ನಾನು ಒಂದು ತುತ್ತು ಉಂಡು, ಸ್ನಾನ ಮಾಡಿ ಬರುವಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳುವವರು ಮಾತ್ರ ಇಲ್ಲ" ಎಂದಳು.

ಆಕೆಯ ತಾಯಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಅತ್ತೆಗೆ ಮಂಡಿನೋವು, ಅಡುಗೆ ಮಾಡುವುದೇ ಅವರಿಗೆ ಸಾಹಸ. ಪತಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಯಾರನ್ನೂ ದೂರುವಂತಿರಲಿಲ್ಲ. ಆದರೂ ಆ ತುಂಬಿದ ಕೋಣೆಯಲ್ಲಿ ಏನೋ ಒಂದು ಬರಿದಾಗಿತ್ತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ: ಆಗತಾನೇ ಹುಟ್ಟಿದ ಮಗುವಿಗೂ ಅದನ್ನು ಹೆತ್ತವಳಿಗೂ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು ಯಾವುದು? ಇದು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೆಂದು ತೋರಬಹುದು. ಸ್ವಲ್ಪ ಆಳಕ್ಕಿಳಿದರೆ, ನಾವು ಪ್ರೀತಿಯನ್ನು ಯಾವುದರಿಂದ ಅಳೆಯುತ್ತೇವೆ ಎಂಬ ನೈತಿಕ ಪ್ರಶ್ನೆಯೇ ಇದರೊಳಗೆ ಅಡಗಿದೆ.

ಸಂಸಾರಿಯಲ್ಲದ ಗುರುವೊಬ್ಬನಿಗೆ ತೊಟ್ಟಿಲು-ಬಟ್ಟೆಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆ ಆಕ್ಷೇಪಣೆ ನ್ಯಾಯವಾದದ್ದೇ. ಹಾಗಾಗಿ ಮೊದಲು ನನ್ನದೇ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಹಲವು ವರ್ಷಗಳ ಹಿಂದೆ, ದೀಕ್ಷಾಸ್ನಾನದ ಸಂದರ್ಭವೊಂದರಲ್ಲಿ ನೀಡಿದ ಪ್ರಬೋಧನೆಯಲ್ಲಿ ನಾನು ಇಂದಿನ ತಂದೆತಾಯಿಯರನ್ನು ಕಟುವಾಗಿ ಟೀಕಿಸಿದ್ದೆ. "ನಮ್ಮ ತಾಯಂದಿರು ಹಳೆಯ ಸೀರೆಯ ತುಂಡುಗಳಲ್ಲಿ ನಮ್ಮನ್ನು ಬೆಳೆಸಿದರು. ನಿಮಗೋ ದಿನಕ್ಕೆ ಆರು ಡೈಪರ್ ಬೇಕು" ಎಂದಿದ್ದೆ. ಹಿರಿಯರು ತಲೆದೂಗಿದರು. ಬಲಿಪೂಜೆಯ ನಂತರ ಯುವತಿಯೊಬ್ಬಳು ನನ್ನ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ಸ್ವಾಮಿ, ಆ ಸೀರೆಯ ತುಂಡುಗಳನ್ನು ಒಗೆದವರು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಹಳ್ಳಿಯಲ್ಲಿ. ಜಡಿಮಳೆಯ ತಿಂಗಳುಗಳಲ್ಲಿ ಬಿಸಿಲೆಂಬುದು ಕಾಣುತ್ತಿರಲಿಲ್ಲ. ನನ್ನ ತಂಗಿ ಹುಟ್ಟಿದಾಗ, ಅಮ್ಮ ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಕವುಚಿ, ಅದರ ಮೇಲೆ ಒಂದೊಂದೇ ಒದ್ದೆ ಬಟ್ಟೆಯನ್ನು ಹರಡಿ ಒಣಗಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ಬಟ್ಟೆಗಳ ಹೊಗೆಯ ವಾಸನೆಯನ್ನು ನಾನು ಬಾಲ್ಯದ ಸವಿನೆನಪೆಂದು ಅನೇಕ ಬಾರಿ ವರ್ಣಿಸಿದ್ದೇನೆ. ಆದರೆ ಹೆರಿಗೆಯಾಗಿ ಹತ್ತೇ ದಿನಕ್ಕೆ ತಣ್ಣೀರಿನಲ್ಲಿ ಕೈಯಿಟ್ಟ ಅಮ್ಮನ ಬೆರಳುಗಳು ಹೇಗಿದ್ದವೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಯುವತಿ ನನ್ನ ತಾಯಿಯ ಪರವಾಗಿಯೇ ನನ್ನನ್ನು ಪ್ರಶ್ನಿಸಿದ್ದಳು. ಬಟ್ಟೆ ಒಗೆಯದವನು ಸರಳ ಜೀವನವನ್ನು ಬೋಧಿಸುವುದು ಬಹಳ ಸುಲಭ.

ಆದುದರಿಂದ ಪ್ರಿಯ ಓದುಗರೇ, ಈ ವಿಷಯದಲ್ಲಿ ನಾವು ಎರಡು ತಪ್ಪುಗಳಿಂದ ದೂರವಿರಬೇಕಾಗಿದೆ. ಹೆಚ್ಚು ಕೊಂಡವರೇ ಹೆಚ್ಚು ಪ್ರೀತಿಸುವವರು ಎಂಬುದು ಮೊದಲನೆಯದು. ಅದು ಮಾರುಕಟ್ಟೆಯ ತಪ್ಪು. ವಸ್ತುಗಳನ್ನು ಬಯಸುವ ತಾಯಿಯಲ್ಲಿ ಪ್ರೀತಿ ಕಡಿಮೆ ಎಂಬುದು ಎರಡನೆಯದು. ಅದು ಉಪದೇಶಕರ ತಪ್ಪು. ಎರಡೂ ಬಾಣಂತಿಯ ತಲೆಯ ಮೇಲೆ ಅಪರಾಧಿ ಭಾವವನ್ನು ಹೊರಿಸುತ್ತವೆ. ಎರಡೂ ಆಕೆಯ ಮಡಿಲಿನ ಭಾರವನ್ನು ಒಂದಿಷ್ಟೂ ಇಳಿಸುವುದಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸುವಾಗ ನಾವು ಅರಿಸ್ಟಾಟಲನನ್ನು ಓದಿದ್ದೆವು. ನಿಜವಾದ ಸಂಪತ್ತೆಂದರೆ ಮನೆಯ ಬಾಳುವೆಗೆ ಬೇಕಾದ ಉಪಕರಣಗಳು, ಯಾವ ಉಪಕರಣಕ್ಕಾದರೂ ಒಂದು ಮಿತಿಯಿದೆ ಎಂಬುದು ಆತನ ವಾದ. ಕೊಡಲಿಯ ಹಿತಮಿತವನ್ನು ಮರ ಕಡಿಯುವ ಕೆಲಸವೇ ನಿರ್ಧರಿಸುತ್ತದೆ. ಬೆಟ್ಟದಷ್ಟು ದೊಡ್ಡ ಕೊಡಲಿಯಿಂದ ಯಾರಿಗೂ ಪ್ರಯೋಜನವಿಲ್ಲ. ಈ ಮಾತನ್ನು ಬಾಣಂತಿಯ ಕೋಣೆಗೂ ಅನ್ವಯಿಸಬಹುದು. ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ, ಅದು ಯಾವ ಕೆಲಸಕ್ಕಾಗಿ ಇದೆ ಎಂದು ವಿಚಾರಿಸುವುದು ಮೇಲು. ಅದಕ್ಕಾಗಿ ಮೂರು ಸರಳ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಪ್ರಶ್ನೆ: ಈ ವಸ್ತು ಮಗುವಿನ ಅಗತ್ಯಕ್ಕಾಗಿಯೋ, ನೋಡುವವರ ಕಣ್ಣಿಗಾಗಿಯೋ?

ಹಸುಗೂಸಿನ ಅಗತ್ಯಗಳು ಅಚ್ಚರಿಯೆನಿಸುವಷ್ಟು ಕಡಿಮೆ. ಬೆಚ್ಚಗಿರಬೇಕು, ಹಾಲು ಸಿಗಬೇಕು, ಶುಚಿಯಾಗಿರಬೇಕು, ನಿದ್ರೆ ಬರಬೇಕು, ಅತ್ತಾಗ ಯಾರಾದರೂ ಎತ್ತಿಕೊಳ್ಳಬೇಕು. ಒಗೆದು ಮೆತ್ತಗಾದ ಹತ್ತಿಯ ಬಟ್ಟೆಗಳು, ಒಂದೆರಡು ಕುಲಾವಿ, ಕಾಲಚೀಲ, ಸೊಳ್ಳೆಪರದೆ, ಜ್ವರ ನೋಡುವ ಥರ್ಮಾಮೀಟರ್, ಸಮತಟ್ಟಾದ ಹಾಸಿಗೆ - ಇವಿಷ್ಟಿದ್ದರೆ ಮೊದಲ ತಿಂಗಳು ಬಹುಮಟ್ಟಿಗೆ ಸಾಗುತ್ತದೆ. ಮಗುವನ್ನು ಅಂಗಾತವಾಗಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸಬೇಕೆಂದು ಇಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅಂಗಡಿಯ ಮೆತ್ತನೆಯ ದಿಂಬುಗಳಿಗೂ, ತಲೆ ಗುಂಡಗಾಗಲೆಂದು ಅಜ್ಜಿ ಹೊಲಿದ ಸಾಸಿವೆಯ ದಿಂಬಿಗೂ ಈ ಮಾತು ಒಂದೇ. ಪೌಡರಿನ ಧೂಳು ಉಸಿರಿನೊಡನೆ ಒಳಸೇರುತ್ತದೆ. ಕಣ್ಣಿಗೆ ಹಚ್ಚುವ ಕಾಡಿಗೆಯಲ್ಲಿ ಸೀಸದ ಅಂಶವಿರಬಹುದು. ಇವೆರಡನ್ನೂ ವೈದ್ಯರು ಬೇಡವೆನ್ನುತ್ತಾರೆ. ಹೊಸದೆಲ್ಲ ಕೆಟ್ಟದ್ದಲ್ಲ, ಹಳೆಯದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಬಾಣಂತಿಯ ಕೋಣೆಗಿಂತ ಉತ್ತಮ ಪಾಠಶಾಲೆ ಇನ್ನೊಂದಿಲ್ಲ. ಇನ್ನೊಂದೆಡೆ ನಮ್ಮ ಅಜ್ಜಿಯರ ಒಳಲೆಯನ್ನು ನೋಡಿ. ಬಾಟಲಿಯ ರಬ್ಬರು ಮೊಲೆಯಂತೆ ಅದರಲ್ಲಿ ಕೊಳೆ ಕೂರುವ ಸಂದುಗಳಿಲ್ಲ. ಕುದಿಸಿ ತೊಳೆಯುವುದು ಸುಲಭ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ತಾಯಿಯ ಹಾಲನ್ನು ಕುಡಿಸಲು ಆಸ್ಪತ್ರೆಗಳಲ್ಲಿ ಅದೇ ಆಕಾರದ ಪುಟ್ಟ ಬಟ್ಟಲನ್ನು ಬಳಸುತ್ತಾರೆ.

ಸಂತ ಲೂಕನು ತನ್ನ ಶುಭಸಂದೇಶದಲ್ಲಿ ಬೆತ್ಲೆಹೇಮಿನ ಶಿಶುವಿಗಾಗಿ ಹೆಸರಿಸುವ ವಸ್ತುಗಳು ಎರಡೇ: ಸುತ್ತಿದ ಬಟ್ಟೆ ಮತ್ತು ಮಲಗಿಸಿದ ಗೋದಲಿ. ಗೋದಲಿಯನ್ನು ಯಾರೂ ಮಗುವಿಗಾಗಿ ಮಾಡಿರಲಿಲ್ಲ. ದನಗಳ ಮೇವಿಗಾಗಿ ಇದ್ದದ್ದು ಆ ರಾತ್ರಿ ತೊಟ್ಟಿಲಾಯಿತು. ಮತ್ತಾಯನ ಶುಭಸಂದೇಶದಲ್ಲಿ ಜ್ಞಾನಿಗಳು ತಂದ ಚಿನ್ನ, ಧೂಪ, ರಕ್ತಬೋಳಗಳಲ್ಲಿ ಹಸುಗೂಸಿನ ದಿನನಿತ್ಯದ ಉಪಯೋಗಕ್ಕೆ ಬರುವಂಥದ್ದು ಒಂದೂ ಇರಲಿಲ್ಲ ಎಂದು ನಾವು ಮುಗುಳ್ನಗಬಹುದು. ಆದರೂ ಆ ಕಾಣಿಕೆಗಳನ್ನು ಮರಿಯಮ್ಮನವರು ನಿರಾಕರಿಸಲಿಲ್ಲ. ಉಡುಗೊರೆಗೆ ಉಪಯೋಗವನ್ನು ಮೀರಿದ ಗೌರವದ ಅರ್ಥವೂ ಇದೆ. ಗೌರವಕ್ಕಾಗಿ ಕೊಟ್ಟದ್ದನ್ನು ಗೌರವವೆಂದೇ ಸ್ವೀಕರಿಸೋಣ. ಅದಿಲ್ಲದೆ ಮಗು ಬೆಳೆಯದು ಎಂಬ ಭ್ರಮೆ ಮಾತ್ರ ಬೇಡ.

ಎರಡನೆಯ ಪ್ರಶ್ನೆ: ಈ ವಸ್ತು ಮಗುವನ್ನು ಮಡಿಲಿನ ಹತ್ತಿರಕ್ಕೆ ತರುತ್ತದೆಯೋ, ದೂರಕ್ಕೆ ಒಯ್ಯುತ್ತದೆಯೋ?

ಇಲ್ಲಿ ದೂರದ ದೇಶವೊಂದರ ಘಟನೆಯನ್ನು ನೆನೆಯಬೇಕು. ದಕ್ಷಿಣ ಅಮೆರಿಕದ ಕೊಲಂಬಿಯಾದ ರಾಜಧಾನಿ ಬೊಗೋಟಾ. ಅಲ್ಲಿನ ಬಡವರ ಹೆರಿಗೆ ಆಸ್ಪತ್ರೆಯಲ್ಲಿ, ಕಡಿಮೆ ತೂಕದ ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಯಂತ್ರಗಳು ಸಾಲುತ್ತಿರಲಿಲ್ಲ. ಒಂದೇ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಮಲಗಿಸಿ, ಸೋಂಕು ಹರಡುತ್ತಿತ್ತು. 1978ರಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ತಾಯಂದಿರಿಗೆ ಹೊಸ ದಾರಿ ತೋರಿದರು. ಶಿಶುವನ್ನು ತಾಯಿಯ ಬರಿಯ ಎದೆಗೆ ನೆಟ್ಟಗೆ ಆನಿಸಿ, ಬಟ್ಟೆಯಿಂದ ಕಟ್ಟಿ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವುದು. ಮರಿಯನ್ನು ಚೀಲದಲ್ಲಿ ಹೊರುವ ಪ್ರಾಣಿಯ ನೆನಪಿನಲ್ಲಿ ಇದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು. ಯಂತ್ರದ ಕೊರತೆಯಿಂದ ಆರಂಭವಾದ ಈ ಕ್ರಮ ಬಡವರ ಬದಲಿ ವ್ಯವಸ್ಥೆಯಾಗಿಯೇ ಉಳಿಯಲಿಲ್ಲ. ನಮ್ಮ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಮರಣ ಪ್ರಮಾಣ ಶೇಕಡ 15.7ರ ಬದಲು ಶೇಕಡ 12ಕ್ಕೆ ಇಳಿದಿತ್ತು. ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಸರ್ಕಾರದೊಡನೆ ಕೈಜೋಡಿಸಿ ಈ ಆರೈಕೆಯನ್ನು ಆಸ್ಪತ್ರೆಗಳಿಂದ ಮನೆಗಳವರೆಗೂ ಮುಟ್ಟಿಸಲು ದುಡಿದಿದ್ದಾರೆ.

ಒಂದು ಅಂಶವನ್ನು ಗಮನಿಸಿ. ಆ ಅಧ್ಯಯನದಲ್ಲಿ ಯಾರೂ ಯಂತ್ರಗಳನ್ನು ಹೊರಗೆಸೆಯಲಿಲ್ಲ. ಯಂತ್ರಗಳಿರುವ ಕೋಣೆಯೊಳಗೇ ತಾಯಿಗೂ ಒಂದು ಹಾಸಿಗೆ ಹಾಕಿಕೊಟ್ಟರು. ವಸ್ತುವಿಗೂ ಮಡಿಲಿಗೂ ವೈರವಿಲ್ಲ. ವಸ್ತು ಮಡಿಲಿನ ಜಾಗದಲ್ಲಿ ತಾನೇ ಕುಳಿತಾಗ ಮಾತ್ರ ತೊಂದರೆ ಆರಂಭವಾಗುತ್ತದೆ.

ಹಾಲಿನ ಪುಡಿಯ ಕಥೆ ಇದಕ್ಕೆ ಎಚ್ಚರಿಕೆಯ ಗಂಟೆಯಾಗಿದೆ. ಡಬ್ಬಿಯ ಮೇಲೆ ದುಂಡುಮುಖದ ಶಿಶುವಿನ ಚಿತ್ರ ಅಚ್ಚುಹಾಕಿ, ಎದೆಹಾಲಿಗಿಂತ ಇದೇ ಮೇಲೆಂಬ ಭಾವನೆಯನ್ನು ಬಡ ದೇಶಗಳ ತಾಯಂದಿರಲ್ಲಿ ಬಿತ್ತಲಾಯಿತು. ಶುದ್ಧ ನೀರಿಲ್ಲದ ಮನೆಗಳಲ್ಲಿ, ಪುಡಿ ಬೇಗ ಮುಗಿಯದಿರಲೆಂದು ತೆಳುವಾಗಿ ಕಲಸಿ ಕುಡಿಸಿದ ಮಕ್ಕಳು ಭೇದಿಯಿಂದ, ಪೌಷ್ಟಿಕತೆಯ ಕೊರತೆಯಿಂದ ನರಳಿದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂತಹ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ರೂಪಿಸಿತು. ನಮ್ಮ ಸಂಸತ್ತು 1992ರಲ್ಲಿ ಕಾಯ್ದೆ ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಆ ಕಾಯ್ದೆಯ ಪ್ರಕಾರ ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ನೀಡುವಂತಿಲ್ಲ. ಡಬ್ಬಿಯ ಮೇಲೆ ತಾಯಿಯ ಚಿತ್ರವಾಗಲಿ ಮಗುವಿನ ಚಿತ್ರವಾಗಲಿ ಇರುವಂತಿಲ್ಲ. ಒಂದು ಚಿತ್ರವೂ ತಾಯಿಯ ಮನಸ್ಸಿನ ಆತ್ಮವಿಶ್ವಾಸವನ್ನು ಕದಿಯಬಲ್ಲದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಮೊದಲ ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲೊಂದೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ನಾನು ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಕಾಯಿಲೆಯಿಂದಲೋ ಔಷಧಿಯ ಕಾರಣದಿಂದಲೋ ಹಾಲೂಡಲಾಗದ ತಾಯಂದಿರಿದ್ದಾರೆ. ತಾಯಿಯನ್ನು ಕಳೆದುಕೊಂಡ ಶಿಶುಗಳಿವೆ, ದತ್ತು ಬಂದ ಶಿಶುಗಳಿವೆ. ವೈದ್ಯರ ಸಲಹೆಯಂತೆ ಅವರಿಗೆ ಆ ಡಬ್ಬಿ ಜೀವ ಉಳಿಸುವ ವಸ್ತು. ಅಂತಹ ಮನೆಗೆ ಹೋದಾಗ "ಹಾಲು ಕೊಡುತ್ತಿಲ್ಲವೇ?" ಎಂದು ಹತ್ತು ಜನರ ಮುಂದೆ ಕೇಳುವ ನಮ್ಮ ನಾಲಿಗೆಗೂ ಒಂದು ಕಾಯ್ದೆ ಬೇಕು. ಬಾಟಲಿಯಲ್ಲಿ ಹಾಲು ಕುಡಿಯುವ ಮಗುವನ್ನೂ ಮಡಿಲಲ್ಲಿಟ್ಟುಕೊಂಡು, ಅದರ ಮುಖ ನೋಡುತ್ತಾ ಕುಡಿಸಬಹುದು.

ಮೂರನೆಯ ಪ್ರಶ್ನೆ: ಈ ವಸ್ತು ಯಾರ ಭಾರವನ್ನು ಇಳಿಸುತ್ತದೆ?

ಆ ಯುವತಿ ನನಗೆ ಕಲಿಸಿದ ಪ್ರಶ್ನೆ ಇದೇ. ರಾತ್ರಿ ನಾಲ್ಕು ಬಾರಿ ಎದ್ದು ಬಟ್ಟೆ ಬದಲಿಸುವ ತಾಯಿಗೆ ಒಂದು ಡೈಪರ್ ಎರಡು ತಾಸಿನ ನಿದ್ರೆ ಕೊಡುವುದಾದರೆ, ಅದನ್ನು ಐಷಾರಾಮವೆಂದು ಕರೆಯುವ ಅಧಿಕಾರ ನನಗಿಲ್ಲ. ಬಟ್ಟೆ ಒಗೆಯುವ ಯಂತ್ರವು ಮಗುವಿನ ವಸ್ತುಗಳ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಎಷ್ಟೋ ಆಟಿಕೆಗಳಿಗಿಂತ ಬಾಣಂತಿಗೆ ಅದೇ ಹೆಚ್ಚು ಉಪಕಾರಿ. ಆ ಯಂತ್ರವಿಲ್ಲದ ಮನೆಯಲ್ಲಿ ತಂದೆಯ ಎರಡು ಕೈಗಳು ಅದೇ ಕೆಲಸವನ್ನು ಮಾಡಬಲ್ಲವು. ಜೋಸೆಫರು ಬಡಗಿಯಾಗಿದ್ದರು ಎಂದು ಹೆಮ್ಮೆಪಡುವ ನಾವು ಗಂಡಸರು, ಮಗುವಿನ ಒದ್ದೆ ಬಟ್ಟೆಯನ್ನು ಹಿಂಡಲು ನಾಚಬೇಕಾಗಿಲ್ಲ.

ಸಮಾಜವೂ ಸರ್ಕಾರವೂ ಈ ಭಾರವನ್ನು ಹಂಚಿಕೊಂಡ ಉದಾಹರಣೆಗಳಿವೆ. ಯೂರೋಪಿನ ಫಿನ್ಲೆಂಡ್ ದೇಶ 1938ರಲ್ಲಿ ಬಡ ತಾಯಂದಿರಿಗೆ ಶಿಶುವಿನ ಬಟ್ಟೆಬರೆಗಳ ಪೆಟ್ಟಿಗೆಯೊಂದನ್ನು ಕೊಡಲು ಆರಂಭಿಸಿತು. 1949ರಿಂದ ಅದು ಎಲ್ಲ ತಾಯಂದಿರಿಗೂ ವಿಸ್ತರಿಸಿತು. ಪಡೆಯಲು ಗರ್ಭಿಣಿಯು ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ವೈದ್ಯಕೀಯ ತಪಾಸಣೆಗೆ ಹೋಗಬೇಕೆಂಬ ನಿಯಮವಿತ್ತು. ಪೆಟ್ಟಿಗೆಯ ತಳದಲ್ಲಿ ಪುಟ್ಟ ಹಾಸಿಗೆ. ಆ ರಟ್ಟಿನ ಪೆಟ್ಟಿಗೆಯೇ ಅನೇಕ ಮಕ್ಕಳಿಗೆ ಮೊದಲ ತೊಟ್ಟಿಲಾಯಿತು. ಶ್ರೀಮಂತರ ಮಗುವಿಗೂ ಬಡವರ ಮಗುವಿಗೂ ಒಂದೇ ಪೆಟ್ಟಿಗೆ.

ನಮ್ಮ ರಾಜ್ಯದಲ್ಲಿಯೂ 2007-08ನೇ ಸಾಲಿನಲ್ಲಿ ಇಂತಹ ಯೋಜನೆಯೊಂದು ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ, ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ತಾಯಂದಿರಿಗೆ 19 ವಸ್ತುಗಳ ಒಂದು ಚೀಲ. ಮಗುವಿಗೆ ಹಾಸಿಗೆ, ರಬ್ಬರ್ ಹಾಳೆ, ಸ್ವೆಟರ್, ಟೋಪಿ, ಕಾಲಚೀಲ ಅದರಲ್ಲಿದ್ದವು. ಅವುಗಳೊಡನೆ ತಾಯಿಗೆ ಹೊದಿಕೆ, ಸೋಪು, ಬಾಚಣಿಗೆ, ಕೊಬ್ಬರಿ ಎಣ್ಣೆ, ಹೊಟ್ಟೆಗೆ ಕಟ್ಟುವ ಬಟ್ಟೆ, ಸ್ಯಾನಿಟರಿ ಪ್ಯಾಡುಗಳೂ ಇದ್ದವು. ಬಾಣಂತಿಗೂ ತಲೆ ಬಾಚಿಕೊಳ್ಳಬೇಕೆನಿಸುತ್ತದೆ ಎಂಬುದನ್ನು ಆ ಪಟ್ಟಿ ಸಿದ್ಧಪಡಿಸಿದವರು ಮರೆಯಲಿಲ್ಲ. ಇಂದಿನ ನಮ್ಮ ಉಡುಗೊರೆಗಳಲ್ಲಿ ಎಷ್ಟು ತಾಯಿಯ ಹೆಸರಿನಲ್ಲಿರುತ್ತವೆ? ಆ ಚೀಲಕ್ಕೆ ಅವರು ಇಟ್ಟ ಹೆಸರು 'ಮಡಿಲು'. ಅಷ್ಟೂ ವಸ್ತುಗಳು ಸೇರಿದರೆ ಏನಾಗಬೇಕೆಂಬುದನ್ನು ಆ ಒಂದು ಕನ್ನಡ ಪದವೇ ಹೇಳುತ್ತದೆ.

ಕೊನೆಗೆ, ಯಾವ ಪೆಟ್ಟಿಗೆಯಲ್ಲೂ ತುಂಬಲಾಗದ ಉಡುಗೊರೆಯೊಂದಿದೆ, ಅದು ಸಮಯ. 2017ರ ಕಾನೂನು ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಸಂಘಟಿತ ಉದ್ಯೋಗದಲ್ಲಿರುವ ಮಹಿಳೆಗೆ ಅದು ದೊಡ್ಡ ವರ. ಆದರೆ ಮನೆಗೆಲಸಕ್ಕೆ, ಕೂಲಿಗೆ, ತೋಟಕ್ಕೆ ಹೋಗುವ ನಮ್ಮ ಧರ್ಮಕೇಂದ್ರದ ತಾಯಂದಿರಿಗೆ ರಜೆ ಕೊಡುವವರು ಯಾರು? ಅವರಿಗೆ ಸಮಯವನ್ನು ಕೊಡಬಲ್ಲವರು ನೆರೆಯವರಾದ ನಾವು ಮಾತ್ರ.

ಆದುದರಿಂದ ಪ್ರಿಯ ಓದುಗರೇ, ಮುಂದಿನ ಬಾರಿ ಮಗು ಹುಟ್ಟಿದ ಮನೆಗೆ ಹೊರಟಾಗ, ಅಂಗಡಿಗೆ ಹೋಗುವ ಮೊದಲು "ನಿಮಗೇನು ಬೇಕಮ್ಮ?" ಎಂದು ಆ ತಾಯಿಯನ್ನೇ ಕೇಳಿ. ಬಟ್ಟೆ ಕೊಡುವುದಾದರೆ ಆರು ತಿಂಗಳ ಮಗುವಿನ ಅಳತೆಯದನ್ನು ಕೊಡಿ. ಹಸುಗೂಸಿನ ಅಂಗಿಗಳು ಎರಡು ತಿಂಗಳಲ್ಲೇ ಚಿಕ್ಕದಾಗುತ್ತವೆ. ನಿಮ್ಮ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಗಟ್ಟಿಮುಟ್ಟಾದ ತೊಟ್ಟಿಲನ್ನು ತೊಳೆದು, ಬೇಕಾದ ಮನೆಗೆ ಕಳುಹಿಸಿಕೊಡಿ. ಸಾಲ ಮಾಡಿ ದೀಕ್ಷಾಸ್ನಾನದ ಔತಣ ಮಾಡುವ ಬಡ ಕುಟುಂಬಕ್ಕೆ ಅದು ಬೇಡವೆಂದು ಧೈರ್ಯವಾಗಿ ಹೇಳಿ. ಹಾಗೆ ಹೇಳಿದ ಮೇಲೆ ನೀವೇ ಒಂದು ಹೊತ್ತಿನ ಸಾರು-ಅನ್ನ ಕೊಂಡೊಯ್ಯಿರಿ. ಜ್ಞಾನತಾಯಿಯಾಗಿ ನಿಂತವರು ಬೆಳ್ಳಿಯ ಗಿಲಕಿಯ ಜೊತೆಗೆ ವಾರಕ್ಕೊಂದು ಮಧ್ಯಾಹ್ನವನ್ನೂ ಕಾಣಿಕೆಯಾಗಿ ಕೊಡಲಿ. ಬಾಣಂತಿ ಮಂಕಾಗಿ, ಕಾರಣವಿಲ್ಲದೆ ಅಳುತ್ತಿದ್ದರೆ ಅದನ್ನು ಮೊಂಡುತನವೆನ್ನದೆ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಆರಂಭದಲ್ಲಿ ಹೇಳಿದ ಆ ಮನೆಯಲ್ಲಿ ಅಂದು ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆಕೆಯ ಮಾತಿಗೆ ಯಾವ ಸಾಂತ್ವನ ಹೇಳಬೇಕೆಂದು ನನಗೆ ತೋಚಲಿಲ್ಲ. ಅತ್ತೆಯವರು ಒಳಗಿನಿಂದ ಬಂದು ಒಂದು ಕುರ್ಚಿಯನ್ನು ಸರಿಸಿ, "ಕೂತ್ಕೊಳ್ಳಿ ಸ್ವಾಮಿ, ತಲೆಗೆ ಕೈ ಆಸರೆ ಕೊಡಿ" ಎಂದು ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟೇಬಿಟ್ಟರು. ಸಾವಿರಾರು ಮಕ್ಕಳ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಸುರಿದ ನನ್ನ ಕೈಗಳು ಅಂದು ನಡುಗಿದವು. ಆ ತಾಯಿ ಸ್ನಾನ ಮುಗಿಸಿ, ಬಿಸಿ ಅನ್ನ ಉಂಡು ಬರುವವರೆಗೆ, ಸುಮಾರು ಮುಕ್ಕಾಲು ಗಂಟೆ, ನಾನು ಅಲುಗಾಡದೆ ಕುಳಿತೆ. ಮಗು ಎರಡು ಬಾರಿ ಅತ್ತಿತು, ಒಮ್ಮೆ ನನ್ನ ನಿಲುವಂಗಿಯನ್ನು ಒದ್ದೆ ಮಾಡಿತು, ಆಮೇಲೆ ನಿದ್ರೆ ಹೋಯಿತು. ಪೆಟ್ಟಿಗೆಗಳೆಲ್ಲವೂ ಗೋಡೆಯ ಬಳಿ ಹಾಗೆಯೇ ಇದ್ದವು. ಆಕೆ ಒದ್ದೆ ಕೂದಲನ್ನು ಒರೆಸಿಕೊಳ್ಳುತ್ತಾ ಬಂದು ಮಗುವನ್ನು ಎತ್ತಿಕೊಂಡಾಗ, ಆ ಮುಖದಲ್ಲಿ ನಾನು ಬಂದಾಗ ಇಲ್ಲದ ಒಂದು ಕಳೆಯಿತ್ತು.

ನಿಮ್ಮ ಬೀದಿಯಲ್ಲೂ ಅಂತಹ ಒಂದು ಮನೆ ಇರಬಹುದು. ಈ ವಾರವೇ ಒಮ್ಮೆ ಹೋಗಿ ಬನ್ನಿ.